ದೂರದ ಓಟಿಗೆ ನ್ಯಾಯ: ಎಣಿಕೆಗೆ ಮುಂಚೆಯೋ, ನಂತರವೋ?

ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದಲ್ಲಿ 2024ರ ನವೆಂಬರ್ 5ರಂದು ನಡೆದ ಒಂದು ಚುನಾವಣೆಯ ಫಲ 2025ರ ಮೇ ತಿಂಗಳವರೆಗೆ ಇತ್ಯರ್ಥವಾಗಲಿಲ್ಲ. ಆರು ತಿಂಗಳ ಕಾಲ ಕೋರ್ಟಿನಿಂದ ಕೋರ್ಟಿಗೆ ಅಲೆದ ಆ ವ್ಯಾಜ್ಯದ ಕೊನೆಗೆ ಉಳಿದದ್ದು ಒಂದೇ ಪ್ರಶ್ನೆ: ಸಮುದ್ರದಾಚೆ ಪಹರೆಯಲ್ಲಿದ್ದ ಸಿಪಾಯಿಗಳೂ ಹೊರದೇಶದಲ್ಲಿ ಕೆಲಸಕ್ಕಿದ್ದ ನಾಗರಿಕರೂ ಕಾನೂನಿನಂತೆ ಹಾಕಿ ಕಳಿಸಿದ ಓಟುಗಳನ್ನು, ಎಣಿಸಿದ ಮೇಲೆ ತೆಗೆದು ಎಸೆಯಬಹುದೇ?

ಗಿರಣಿ ಗೇಟಿನ ಮುಂದೆ ನಮ್ಮದೇ ಜಗಳ ಬೇಕಾದಷ್ಟಿರುವಾಗ ಅಮೆರಿಕದವರ ಓಟಿನ ಜಗಳ ನಮಗೇಕೆ ಎಂದು ಕೆಲವು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ನಮ್ಮ ಓಣಿಗಳಲ್ಲಿ ಮಗನನ್ನು ಸೈನ್ಯಕ್ಕೆ ಕಳಿಸಿದ ಮನೆಗಳಿಲ್ಲವೇ? ನಮ್ಮ ಕರಾವಳಿಯಿಂದ ಗಲ್ಫ್ ದೇಶಗಳಿಗೆ ಗಾರೆ ಕೆಲಸಕ್ಕೂ ಹೋಟೆಲ್ ಕೆಲಸಕ್ಕೂ ಅಂಗಡಿ ಕೆಲಸಕ್ಕೂ ಹೋದವರಿಲ್ಲವೇ? ಅವರ ಹೆಸರು ಪಟ್ಟಿಯಲ್ಲಿದೆಯೋ ಇಲ್ಲವೋ, ಇದ್ದರೆ ಅವರ ಓಟು ಪೆಟ್ಟಿಗೆಗೆ ಬಿತ್ತೋ ಇಲ್ಲವೋ, ಬೀಳದೆ ಹೋದರೆ ಅವರು ಯಾವ ಬಾಗಿಲು ತಟ್ಟಬೇಕು, ಈ ಪ್ರಶ್ನೆ ಅವರದೂ ಹೌದು. ಅಮೆರಿಕದಲ್ಲಿ ಈ ಪ್ರಶ್ನೆ ನೂರಅರವತ್ತು ವರ್ಷಗಳಿಂದ ಕೋರ್ಟಿನ ಕಟ್ಟೆ ಹತ್ತುತ್ತಾ ಬಂದಿದೆ. ಅಲ್ಲಿ ಗೆದ್ದದ್ದನ್ನೂ ಸೋತದ್ದನ್ನೂ ಕಣ್ಣಿಟ್ಟು ನೋಡಿದರೆ ನಮ್ಮಲ್ಲಿ ಏನು ಇಲ್ಲ ಎಂಬುದು ತಿಳಿಯುತ್ತದೆ.

ಮೊದಲು ನಾರ್ತ್ ಕ್ಯಾರೊಲೈನಾದ ಕಥೆ. ಅಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳನ್ನೂ ಜನರೇ ಓಟು ಹಾಕಿ ಆರಿಸುತ್ತಾರೆ. ಅಂಥ ಒಂದು ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಆಲಿಸನ್ ರಿಗ್ಸ್ ಮತ್ತು ರಿಪಬ್ಲಿಕನ್ ಪಕ್ಷದ ಜೆಫರ್ಸನ್ ಗ್ರಿಫಿನ್ ಸ್ಪರ್ಧಿಸಿದರು. 55 ಲಕ್ಷಕ್ಕೂ ಹೆಚ್ಚು ಓಟುಗಳಲ್ಲಿ ರಿಗ್ಸ್ ಗೆದ್ದದ್ದು ಕೇವಲ 734 ಓಟುಗಳಿಂದ. ಮರುಎಣಿಕೆಯಾಯಿತು, ಅಂತರ ಅಲುಗಲಿಲ್ಲ. ಆಗ ಗ್ರಿಫಿನ್ 60 ಸಾವಿರಕ್ಕೂ ಹೆಚ್ಚು ಓಟುಗಳನ್ನು ತಳ್ಳಿಹಾಕಬೇಕೆಂದು ತಕರಾರು ಹೂಡಿದರು. ಅವುಗಳಲ್ಲಿ ಹೆಚ್ಚಿನವು ನೋಂದಣಿ ಕಾಗದದಲ್ಲಿ ಒಂದು ನಂಬರು ಇಲ್ಲವೆಂಬ ಕಾರಣಕ್ಕೆ. ಉಳಿದವು ಹೊರದೇಶದಿಂದ ಬಂದ ಓಟುಗಳು. ಅವನ್ನು ಕಳಿಸಿದವರು ಭಾವಚಿತ್ರವಿರುವ ಗುರುತು ಚೀಟಿಯ ನಕಲನ್ನು ಲಗತ್ತಿಸಿಲ್ಲ ಎಂಬುದು ಆಕ್ಷೇಪಣೆ.

ಲಗತ್ತಿಸಿರಲಿಲ್ಲ, ನಿಜ. ಆದರೆ ಏಕೆ? ಹೊರದೇಶದಿಂದ ಓಟು ಮಾಡುವವರು ಗುರುತು ಚೀಟಿಯ ನಕಲು ಕಳಿಸುವ ಅಗತ್ಯವಿಲ್ಲ ಎಂದು ಆ ರಾಜ್ಯದ ಚುನಾವಣಾ ಮಂಡಲಿಯೇ ಚುನಾವಣೆಗೆ ಮುಂಚೆ ನಿಯಮ ಬರೆದು ಪ್ರಕಟಿಸಿತ್ತು. ಮತದಾರ ಸರ್ಕಾರ ಹೇಳಿದಂತೆ ನಡೆದ. ಹಾಗೆ ನಡೆದದ್ದೇ ಅವನ ಅಪರಾಧವಾಯಿತು. ಗಿರಣಿಯ ಕಾರ್ಮಿಕರಿಗೆ ಈ ತರ್ಕ ಹೊಸದೇನಲ್ಲ. ಮೇಸ್ತ್ರಿ ಹೇಳಿದ ಬಾಗಿಲಿನಿಂದ ಒಳಗೆ ಬಂದವನಿಗೆ ತಿಂಗಳ ಕೊನೆಯಲ್ಲಿ, ಆ ಬಾಗಿಲಿನಿಂದ ಬಂದವರ ಹಾಜರಿ ಲೆಕ್ಕಕ್ಕಿಲ್ಲ ಎಂದು ಪಗಾರ ಹಿಡಿದಂತೆ ಇದು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಆ ರಾಜ್ಯದಲ್ಲಿ 100 ಕೌಂಟಿಗಳಿವೆ, ನಮ್ಮ ತಾಲ್ಲೂಕು ಜಿಲ್ಲೆಗಳ ಹಾಗೆ. ಹೊರದೇಶದ ಮತದಾರರು ಎಲ್ಲ ಕಡೆಯೂ ಇದ್ದಾರೆ, ಎಲ್ಲ ಕಡೆಯೂ ಒಂದೇ ನಿಯಮದಂತೆ ಓಟು ಹಾಕಿದ್ದಾರೆ. ಗುರುತು ಚೀಟಿಯ ತಕರಾರು ಬಂದದ್ದು ಮಾತ್ರ ಡೆಮಾಕ್ರಟರ ಬಲ ಹೆಚ್ಚಾಗಿರುವ ಬೆರಳೆಣಿಕೆಯ ಕೌಂಟಿಗಳ ಮೇಲೆ. ಒಂದೇ ಪಡೆಯಲ್ಲಿರುವ ಇಬ್ಬರು ಸಿಪಾಯಿಗಳಲ್ಲಿ ಒಬ್ಬನ ಓಟು ಉಳಿಯುತ್ತದೆ, ಇನ್ನೊಬ್ಬನದು ಹೋಗುತ್ತದೆ; ಕಾರಣ ಅವರವರ ಊರು. ತಕರಾರು ಹೂಡಿದ ಗ್ರಿಫಿನ್ ಸ್ವತಃ ರಾಜ್ಯದ ನ್ಯಾಷನಲ್ ಗಾರ್ಡ್ ಪಡೆಯ ಅಧಿಕಾರಿ ಎಂಬುದು ಕಥೆಯ ಇನ್ನೊಂದು ವಿಚಿತ್ರ.

2025ರ ಏಪ್ರಿಲ್ 4ರಂದು ರಾಜ್ಯದ ಮೇಲ್ಮನವಿ ಕೋರ್ಟು ಇಬ್ಬರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ ಎಂಬ ಬಹುಮತದಿಂದ ಗ್ರಿಫಿನ್ ಪರವಾಗಿ ತೀರ್ಪಿತ್ತಿತು. ಏಪ್ರಿಲ್ 11ರಂದು ರಾಜ್ಯದ ಸುಪ್ರೀಂ ಕೋರ್ಟು ಆ ದೊಡ್ಡ 60 ಸಾವಿರದ ಗುಂಪನ್ನು ಬಿಟ್ಟುಕೊಟ್ಟಿತು. ಆದರೆ ಹೊರದೇಶದ ಮತದಾರರು 30 ದಿನಗಳೊಳಗೆ ಗುರುತು ಚೀಟಿ ತಂದು ತೋರಿಸಬೇಕು, ಇಲ್ಲವಾದರೆ ಅವರ ಓಟು ರದ್ದು ಎಂದಿತು. ಓಟು ಹಾಕಿ ಐದು ತಿಂಗಳಾದ ಮೇಲೆ ಈ ವಾಯಿದೆ! ಜರ್ಮನಿಯಲ್ಲೋ ಜಪಾನಿನಲ್ಲೋ ಹಡಗಿನ ಮೇಲೋ ಇರುವವನಿಗೆ ಈ ಸುದ್ದಿ ಮುಟ್ಟುವುದು ಯಾವಾಗ, ಅವನು ಕಾಗದ ಕಳಿಸುವುದು ಯಾವಾಗ? ಹೊರದೇಶದಲ್ಲಿ ಹುಟ್ಟಿ ಬೆಳೆದು, ತಂದೆ ತಾಯಿ ಆ ರಾಜ್ಯದವರಾದ್ದರಿಂದ ಅಲ್ಲಿನ ಮತದಾರರಾದ ಕೆಲವು ನೂರು ಜನರ ಓಟನ್ನಂತೂ ನೇರವಾಗಿ ತೆಗೆದುಹಾಕಬೇಕೆಂದಿತು.

ರಾಜ್ಯದ ಕೋರ್ಟಿನಲ್ಲಿ ಸೋತವರು ಫೆಡರಲ್ ಕೋರ್ಟಿಗೆ, ಎಂದರೆ ಇಡೀ ದೇಶದ ಸಂವಿಧಾನದ ಪ್ರಕಾರ ನಡೆಯುವ ಕೋರ್ಟಿಗೆ ಹೋದರು. ಅಲ್ಲಿನ ನ್ಯಾಯಾಧೀಶ ರಿಚರ್ಡ್ ಮೈಯರ್ಸ್, ರಿಪಬ್ಲಿಕನ್ ಅಧ್ಯಕ್ಷ ಟ್ರಂಪ್ ಅವರಿಂದಲೇ ನೇಮಕವಾದವರು. ಅವರು ಮೇ 5ರಂದು ಕೊಟ್ಟ ತೀರ್ಪಿನ ಸಾರ ಇಷ್ಟೇ: ಆಟದ ನಿಯಮ ಆಟಕ್ಕೆ ಮುಂಚೆ ಗೊತ್ತಾಗಿರಬೇಕು, ಆಟ ಮುಗಿದ ಮೇಲೆ ಬದಲಾಯಿಸುವುದು ಸಲ್ಲದು. ಎಲ್ಲೋ ಕೆಲವು ಕೌಂಟಿಗಳವರಿಗೆ ಮಾತ್ರ ಹೊಸ ನಿಯಮ ಹಚ್ಚುವುದು ಸಮಾನತೆಗೆ ವಿರುದ್ಧ. ಹುಟ್ಟಿನಿಂದ ಹೊರಗಿರುವವರೆಂದು ಹೆಸರಿಸಲಾದವರಿಗೆ ಉತ್ತರ ಹೇಳುವ ಅವಕಾಶವನ್ನೇ ಕೊಡದೆ ಓಟು ಕಿತ್ತುಕೊಳ್ಳುವುದು ನ್ಯಾಯಕ್ರಮಕ್ಕೆ ವಿರುದ್ಧ. ಮೇ 7ರಂದು ಗ್ರಿಫಿನ್ ಸೋಲೊಪ್ಪಿದರು.

ಇಲ್ಲಿ ನಮ್ಮ ಅಭಿಪ್ರಾಯವನ್ನು ಬಿಡಿಸಿ ಹೇಳಬೇಕು. ಒಂದು ರಾಜ್ಯದಲ್ಲಿ ಒಂದು ದಿನವೂ ವಾಸ ಮಾಡದವನಿಗೆ ಅಲ್ಲಿನ ಓಟು ಇರಬೇಕೇ ಎಂಬುದು ಚರ್ಚೆಗೆ ಅರ್ಹವಾದ ಪ್ರಶ್ನೆ. ಬೇಡವೆನ್ನುವವರನ್ನು ಪ್ರಜಾಪ್ರಭುತ್ವದ ವೈರಿಗಳೆಂದು ನಾವು ಕರೆಯುವುದಿಲ್ಲ. ಅವರು ಶಾಸನ ಸಭೆಯಲ್ಲಿ ಕಾನೂನು ತಿದ್ದಲಿ, ಮುಂದಿನ ಚುನಾವಣೆಗೆ ಅದು ಅನ್ವಯವಾಗಲಿ. ಹಾಕಿದ ಓಟಿಗೆ ಅದು ಅನ್ವಯವಾಗಕೂಡದು.

ಅಮೆರಿಕದ ಎರಡು ದೊಡ್ಡ ಪಕ್ಷಗಳಲ್ಲಿ ಯಾವುದಾದರೊಂದು ದೂರದ ಮತದಾರನ ನಿಜವಾದ ಬಂಧು ಎಂದು ಯಾರೂ ಮರುಳಾಗಬೇಕಿಲ್ಲ. 2000ದ ಅಧ್ಯಕ್ಷ ಚುನಾವಣೆಯಲ್ಲಿ ಫ್ಲಾರಿಡಾ ರಾಜ್ಯದ ಫಲ 537 ಓಟುಗಳ ಮೇಲೆ ನಿಂತಿತು. ಆಗ ಹೊರದೇಶದ ಲಕೋಟೆಗಳ ಮೇಲೆ ಅಂಚೆ ಮುದ್ರೆ ಇಲ್ಲವೆಂದು ಆಕ್ಷೇಪಿಸಿದವರು ಡೆಮಾಕ್ರಟರ ಕಡೆಯವರು. ಸಿಪಾಯಿಯ ಓಟು ಪವಿತ್ರ, ಮುದ್ರೆ ಇಲ್ಲದಿದ್ದರೇನು ಎಂದು ಕೋರ್ಟಿಗೆ ಹೋದವರು ರಿಪಬ್ಲಿಕನರು. ಇಪ್ಪತ್ತನಾಲ್ಕು ವರ್ಷಗಳಲ್ಲಿ ವೇಷ ಅದಲುಬದಲಾಯಿತು. ಯಾರಿಗೆ ಯಾವಾಗ ಲಾಭವೋ ಅವರಿಗೆ ಆವಾಗ ಧರ್ಮ. ಆದ್ದರಿಂದಲೇ ಈ ಹಕ್ಕನ್ನು ಪಕ್ಷಗಳ ಔದಾರ್ಯಕ್ಕೆ ಬಿಡಲಾಗದು. ಕಾನೂನಿನಲ್ಲಿ ಮೊಳೆ ಹೊಡೆದು ಭದ್ರಪಡಿಸಬೇಕಾಗುತ್ತದೆ.

ಕೋರ್ಟುಗಳು ಯಾವಾಗಲೂ ಮತದಾರನ ಪರವಾಗಿಯೇ ನಿಂತಿವೆ ಎಂದೂ ತಿಳಿಯಬಾರದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಪೆನ್ಸಿಲ್ವೇನಿಯಾದ ಲುಜರ್ನ್ ಕೌಂಟಿಯ ಸರ್ಕಾರಿ ವಕೀಲರ ಚುನಾವಣೆ ನಡೆಯಿತು. ಯುದ್ಧಭೂಮಿಯಲ್ಲಿದ್ದ ಸಿಪಾಯಿಗಳು ಅಲ್ಲಿಂದಲೇ ಹಾಕಿದ ಓಟುಗಳಿಂದ ಫಲ ಬದಲಾಯಿತು. 1862ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಮತದಾರ ತನ್ನ ಊರಿನ ಮತಗಟ್ಟೆಗೇ ಬಂದು ಓಟು ಹಾಕಬೇಕು, ಇಲ್ಲವಾದರೆ ಸಂವಿಧಾನಕ್ಕೆ ವಿರುದ್ಧ ಎಂದು ಅಷ್ಟೂ ಓಟುಗಳನ್ನು ತಳ್ಳಿಹಾಕಿತು. ಬಂದೂಕು ಹಿಡಿದು ಕಂದಕದಲ್ಲಿರುವವನು ಊರಿಗೆ ಬರುವುದು ಹೇಗೆ ಎಂದು ಕೋರ್ಟು ಕೇಳಿಕೊಳ್ಳಲಿಲ್ಲ. ಆ ತೀರ್ಪು ಬರೆದ ನ್ಯಾಯಮೂರ್ತಿ ವುಡ್‌ವರ್ಡ್ ಮರುವರ್ಷ ಗವರ್ನರ್ ಪದವಿಗೆ ನಿಂತು ಸೋತರು. 1864ರಲ್ಲಿ ಆ ರಾಜ್ಯದ ಜನ ಸಂವಿಧಾನವನ್ನೇ ತಿದ್ದಿ ಸಿಪಾಯಿಗಳಿಗೆ ಓಟು ಕೊಟ್ಟರು.

ಎರಡನೆಯ ಮಹಾಯುದ್ಧದಲ್ಲಿ ಲಕ್ಷಾಂತರ ಅಮೆರಿಕನ್ ಸಿಪಾಯಿಗಳು ಯುರೋಪಿನಲ್ಲೂ ಶಾಂತಸಾಗರದಲ್ಲೂ ಇದ್ದಾಗ, ಅವರೆಲ್ಲರಿಗೂ ಕೇಂದ್ರ ಸರ್ಕಾರವೇ ಒಂದು ಓಟಿನ ಚೀಟಿ ಕಳಿಸಬೇಕೆಂಬ ಮಸೂದೆ ಬಂತು. ದಕ್ಷಿಣದ ರಾಜ್ಯಗಳ ಪ್ರತಿನಿಧಿಗಳು ಅದರ ಬೆನ್ನೆಲುಬು ಮುರಿದರು. ಕಾರಣ ಗುಟ್ಟಿನದಲ್ಲ. ಊರಿನಲ್ಲಿದ್ದಾಗ ತಲೆಗಂದಾಯದಿಂದಲೂ ಬೆದರಿಕೆಯಿಂದಲೂ ಓಟಿನಿಂದ ದೂರವಿಟ್ಟಿದ್ದ ಕರಿಯ ಸಿಪಾಯಿಗೆ ಈ ಚೀಟಿ ಸಿಕ್ಕಿಬಿಟ್ಟರೆ ಗತಿ ಏನು ಎಂಬ ಭಯ. 1944ರ ಜನವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಆ ಬದಲಿ ಮಸೂದೆಯನ್ನು ಸಿಪಾಯಿಗಳಿಗೆ ಮಾಡಿದ ವಂಚನೆ ಎಂದು ಬಹಿರಂಗವಾಗಿಯೇ ಕರೆದರು. ಕೊನೆಗೆ ಅಂಗೀಕಾರವಾದ ಕಾನೂನಿಗೆ ರುಜು ಹಾಕಲಿಲ್ಲ. ಅವರ ರುಜು ಇಲ್ಲದೆಯೇ ಅದು ಜಾರಿಗೆ ಬಂತು.

ಈ ಭಯಕ್ಕೆ ಕೋರ್ಟು ಮೊದಲ ಸಲ ಸರಿಯಾದ ಪೆಟ್ಟು ಕೊಟ್ಟದ್ದು 1965ರ ಮಾರ್ಚ್ 1ರಂದು. ಟೆಕ್ಸಾಸ್ ರಾಜ್ಯದ ಸಂವಿಧಾನದಲ್ಲಿ ಒಂದು ವಿಧಿ ಇತ್ತು: ಸೈನ್ಯದ ನೌಕರಿಯಲ್ಲಿರುವಾಗ ಆ ರಾಜ್ಯಕ್ಕೆ ಬಂದು ನೆಲೆಸಿದವನು ಸೈನ್ಯ ಬಿಡುವವರೆಗೂ ಅಲ್ಲಿ ಓಟು ಮಾಡುವಂತಿಲ್ಲ. ಕ್ಯಾರಿಂಗ್ಟನ್ ಎಂಬ ಸಾರ್ಜೆಂಟ್ ಹದಿನೆಂಟನೆಯ ವಯಸ್ಸಿನಲ್ಲಿ ಅಲಬಾಮಾದಿಂದ ಸೈನ್ಯ ಸೇರಿದವನು. 1962ರಲ್ಲಿ ಹೆಂಡತಿ, ಇಬ್ಬರು ಮಕ್ಕಳೊಡನೆ ಟೆಕ್ಸಾಸಿನ ಎಲ್ ಪಾಸೋ ಊರಿಗೆ ಬಂದ. ಮನೆ ಕೊಂಡ, ತೆರಿಗೆ ಕಟ್ಟಿದ, ಒಂದು ಸಣ್ಣ ವ್ಯಾಪಾರವನ್ನೂ ಇಟ್ಟ. ಕೆಲಸ ಮಾತ್ರ ಗಡಿಯಾಚೆ ಪಕ್ಕದ ರಾಜ್ಯದ ಠಾಣ್ಯದಲ್ಲಿ; ದಿನಾ ಹೋಗಿ ಬರುವುದು. ಊರಿನ ಎಲ್ಲ ಭಾರಗಳಲ್ಲೂ ಪಾಲುದಾರನಾದವನಿಗೆ ಊರಿನ ಓಟು ಇಲ್ಲ. ಠಾಣ್ಯದ ಸಿಪಾಯಿಗಳೆಲ್ಲ ಒಟ್ಟಾಗಿ ಓಟು ಹಾಕಿ ಸಣ್ಣ ಊರುಗಳನ್ನು ವಶಪಡಿಸಿಕೊಂಡಾರು ಎಂಬುದು ಟೆಕ್ಸಾಸಿನ ವಾದ. ಇವರು ಹೇಗೆ ಓಟು ಹಾಕಿಯಾರು ಎಂಬ ಅಂಜಿಕೆಯಿಂದ ಒಂದು ವರ್ಗದ ಜನರನ್ನು ಬೇಲಿಯ ಹೊರಗಿಡುವುದು ಸಂವಿಧಾನ ಒಪ್ಪದ ಮಾತು ಎಂದು ಅಮೆರಿಕದ ಸುಪ್ರೀಂ ಕೋರ್ಟು ಏಳು ಜನರ ಬಹುಮತದಿಂದ ತೀರ್ಪು ಕೊಟ್ಟಿತು. ವಿರೋಧಿಸಿದವರು ಒಬ್ಬರೇ. ಕಾರ್ಮಿಕರ ಕೇರಿಗೆ ಓಟಿನ ಪಟ್ಟಿ ಏಕೆ ಸರಿಯಾಗಿ ಮುಟ್ಟುವುದಿಲ್ಲ ಎಂದು ತಲೆ ಕೆರೆದುಕೊಳ್ಳುವವರು ಈ ವಾಕ್ಯವನ್ನು ಎರಡು ಸಲ ಓದಬೇಕು.

ಆದರೆ ಬೇಲಿ ಕಿತ್ತರೆ ಸಾಲದು, ಚೀಟಿ ಮುಟ್ಟಬೇಕು. ಪಟ್ಟಿಯಲ್ಲಿ ಹೆಸರಿದ್ದು, ಓಟಿನ ಚೀಟಿ ಎಣಿಕೆ ಮುಗಿದ ಮೇಲೆ ಕೈಸೇರಿದರೆ ಆ ಹಕ್ಕನ್ನು ಚೌಕಟ್ಟು ಹಾಕಿಸಿ ಗೋಡೆಗೆ ತಗುಲಿಸಬಹುದು, ಅಷ್ಟೇ. ಈ ಸಾಲುಗಳನ್ನು ಬರೆಯುವವನು ಮೇಷ್ಟ್ರಾಗಿದ್ದಾಗ ಚುನಾವಣೆಯ ಕೆಲಸಕ್ಕೆ ಹೋಗಿ ನೂರಾರು ಜನರ ಬೆರಳಿಗೆ ಮಸಿ ಹಚ್ಚಿದವನು. ಅವನ ಸ್ವಂತ ಅಂಚೆ ಮತಪತ್ರ ಬಂದದ್ದು ಗೆದ್ದವರ ಮೆರವಣಿಗೆ ಮುಗಿದ ಮೇಲೆ. ಇದು ಎಲ್ಲ ದೇಶದಲ್ಲೂ ಇರುವ ರೋಗ.

ಅಮೆರಿಕದವರು ಈ ರೋಗಕ್ಕೆ ಮಾಡಿದ ಮದ್ದು ನಮಗೆ ಮುಖ್ಯವಾದದ್ದು. 1986ರಲ್ಲಿ ಸೈನಿಕರ ಮತ್ತು ಹೊರದೇಶದಲ್ಲಿರುವ ನಾಗರಿಕರ ಓಟಿಗಾಗಿ ಒಂದು ಕಾಯಿದೆ ಮಾಡಿದರು. ಹೊತ್ತಿಗೆ ಸರಿಯಾಗಿ ಅರ್ಜಿ ಹಾಕಿಯೂ ಚೀಟಿ ಬಾರದಿದ್ದವನು ಬಿಳಿಯ ತುರ್ತು ಚೀಟಿಯೊಂದರ ಮೇಲೆ ತನ್ನ ಉಮೇದುವಾರನ ಹೆಸರು ತಾನೇ ಬರೆದು ಕಳಿಸಬಹುದು ಎಂದು ಅದರಲ್ಲಿ ಸೇರಿಸಿದರು. ಒಳ್ಳೆಯದೇ. ಆದರೆ ರಾಜ್ಯಗಳು ಚೀಟಿಯನ್ನು ಯಾವ ದಿನದೊಳಗೆ ಕಳಿಸಬೇಕೆಂದು ಅದರಲ್ಲಿ ಬರೆದಿರಲಿಲ್ಲ. 2009ರಲ್ಲಿ ಅದಕ್ಕೆ ತಿದ್ದುಪಡಿ ತಂದು ಒಂದು ಅಂಕಿ ಬರೆದರು: 45. ದೇಶದ ಮಟ್ಟದ ಯಾವುದೇ ಚುನಾವಣೆಗೆ 45 ದಿನ ಮುಂಚಿತವಾಗಿ, ಅರ್ಜಿ ಹಾಕಿದ ಪ್ರತಿಯೊಬ್ಬ ದೂರದ ಮತದಾರನಿಗೂ ಚೀಟಿ ಹೊರಟಿರಬೇಕು. ಹೊರಡದಿದ್ದರೆ ದಾವೆ ಹೂಡುವ ಅಧಿಕಾರ ಕೇಂದ್ರ ಸರ್ಕಾರದ ಅಟಾರ್ನಿ ಜನರಲ್ ಅವರಿಗೆ. ಸಿಪಾಯಿ ಕಂದಕ ಬಿಟ್ಟು ವಕೀಲರನ್ನು ಹುಡುಕಿಕೊಂಡು ಬರಬೇಕಿಲ್ಲ.

ಒಂದು ಅಂಕಿಯಲ್ಲಿ ಏನಿದೆ ಎಂದು ಕೇಳುವವರು ಸಂತೆಯಲ್ಲಿ ಕೂತ ವ್ಯಾಪಾರಿಯನ್ನು ಕೇಳಲಿ. ತೂಕದ ಕಲ್ಲಿನ ಮೇಲೆ ಮುದ್ರೆ ಇದ್ದರೆ ಮೋಸ ಹಿಡಿಯಬಹುದು. ಕೈಯಳತೆಯಲ್ಲಿ ಕೊಟ್ಟರೆ ಜಗಳವಾಡಬಹುದೇ ಹೊರತು ರುಜುವಾತು ಮಾಡಲಾಗದು. ‘ಸಕಾಲದಲ್ಲಿ ಕಳಿಸತಕ್ಕದ್ದು’ ಎಂದು ಕಾನೂನಿನಲ್ಲಿ ಬರೆದರೆ ಸರ್ಕಾರಿ ವಕೀಲ ಕೋರ್ಟಿನಲ್ಲಿ ಅದಕ್ಕೆ ಹತ್ತು ಅರ್ಥ ಹೇಳುತ್ತಾನೆ. 45 ಎಂದು ಬರೆದರೆ ನ್ಯಾಯಾಧೀಶರು ಕ್ಯಾಲೆಂಡರ್ ತೆಗೆದು ಬೆರಳು ಮಡಿಚಿ ಎಣಿಸಿದರೆ ಸಾಕು.

ಹಾಗೆ ಎಣಿಸಿಯೇ ನ್ಯೂಯಾರ್ಕ್ ರಾಜ್ಯದ ಗರ್ವ ಇಳಿಸಿದರು. ಅಲ್ಲಿ ಪಕ್ಷಗಳ ಉಮೇದುವಾರರನ್ನು ಆರಿಸುವ ಪ್ರಾಥಮಿಕ ಚುನಾವಣೆ ಸೆಪ್ಟೆಂಬರಿನಲ್ಲಿ ನಡೆಯುತ್ತಿತ್ತು, ಮುಖ್ಯ ಚುನಾವಣೆ ನವೆಂಬರಿನ ಮೊದಲ ವಾರದಲ್ಲಿ. ಸೆಪ್ಟೆಂಬರಿನ ಫಲ ಬಂದು ಚೀಟಿ ಅಚ್ಚಾಗಿ ಹೊರಡುವ ಹೊತ್ತಿಗೆ 45 ದಿನ ಉಳಿಯುವುದೇ ಇಲ್ಲ. 2010ರಲ್ಲಿ ರಾಜ್ಯದ ಮೇಲೆ ದಾವೆಯಾಯಿತು. ತಾರೀಖು ಬದಲಿಸಿ ಎಂದರೆ ಶಾಸನ ಸಭೆಯ ಎರಡು ಮನೆಗಳು ತಮ್ಮ ತಮ್ಮ ಲಾಭ ನೋಡಿಕೊಂಡು ಒಮ್ಮತಕ್ಕೆ ಬರಲಿಲ್ಲ. 2012ರ ಜನವರಿಯಲ್ಲಿ ಫೆಡರಲ್ ನ್ಯಾಯಾಧೀಶ ಗ್ಯಾರಿ ಶಾರ್ಪ್, ನೀವು ಗೊತ್ತುಮಾಡದಿದ್ದರೆ ನಾನೇ ಗೊತ್ತುಮಾಡುತ್ತೇನೆ ಎಂಬಂತೆ, ದೇಶದ ಪಾರ್ಲಿಮೆಂಟಿನ ಸ್ಥಾನಗಳ ಪ್ರಾಥಮಿಕ ಚುನಾವಣೆಯನ್ನು ಜೂನ್ 26ಕ್ಕೆ ಎಳೆದು ಇಟ್ಟರು. ರಾಜಕಾರಣಿಗಳು ಹಟ ಬಿಡದೆ ರಾಜ್ಯದ ಸ್ಥಾನಗಳಿಗೆ ಸೆಪ್ಟೆಂಬರ್ ತಿಂಗಳನ್ನೇ ಉಳಿಸಿಕೊಂಡು ಕೆಲವು ವರ್ಷ ಎರಡೆರಡು ಚುನಾವಣೆ ನಡೆಸಿದರು. 2019ರಲ್ಲಿ ದಾರಿಗೆ ಬಂದು ಎರಡನ್ನೂ ಜೂನ್ ತಿಂಗಳಿಗೇ ತಂದರು. ಅಲಬಾಮಾ ರಾಜ್ಯ ಇನ್ನೊಂದು ಉಪಾಯ ಹೂಡಿತು: ಯಾರಿಗೂ ಬಹುಮತ ಬಾರದಾಗ ನಡೆಸುವ ಎರಡನೆಯ ಸುತ್ತು ಹೊಸ ಚುನಾವಣೆಯೇ ಅಲ್ಲ, ಮೊದಲನೆಯದರ ಬಾಲ; ಅದಕ್ಕೆ 45 ದಿನದ ಕಟ್ಟಳೆ ಬೇಡ ಎಂದು. 2015ರಲ್ಲಿ ಮೇಲ್ಮನವಿಯ ಫೆಡರಲ್ ಕೋರ್ಟು ಅದನ್ನು ಒಪ್ಪಲಿಲ್ಲ. ಚೀಟಿ ತಡವಾಗಿ ಹೊರಟ ಕಡೆಗಳಲ್ಲಿ ಅದು ವಾಪಸು ಬರುವ ವಾಯಿದೆಯನ್ನು ಕೋರ್ಟಿನ ಆಜ್ಞೆಯಿಂದ ಮುಂದಕ್ಕೆ ಹಾಕಿಸುವುದೂ ಅಲ್ಲಿ ರೂಢಿಯಲ್ಲಿದೆ. ಫ್ಲಾರಿಡಾ ರಾಜ್ಯದಲ್ಲಿ ಹೊರದೇಶದ ಓಟುಗಳನ್ನು ಹತ್ತು ದಿನ ತಡವಾಗಿ ಬಂದರೂ ಸ್ವೀಕರಿಸುವ ಪದ್ಧತಿ ಹುಟ್ಟಿದ್ದೇ ಅಂಥ ಒಂದು ದಾವೆಯ ರಾಜಿಯಿಂದ.

ಇವೆಲ್ಲವೂ ಎಣಿಕೆಗೆ ಮುಂಚೆ ಸಿಕ್ಕ ಪರಿಹಾರಗಳು. ಈಗ ನಮ್ಮ ಮನೆಯ ಕಡೆ ತಿರುಗೋಣ.

ನಮ್ಮಲ್ಲೂ 45 ಎಂಬ ಅಂಕಿ ಇದೆ! 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯಲ್ಲಿ ಇದೆ. ಆದರೆ ಅದು ಚುನಾವಣೆಗೆ ಮುಂಚಿನ 45 ದಿನವಲ್ಲ. ಗೆದ್ದವರ ಹೆಸರು ಪ್ರಕಟವಾದ ಮೇಲೆ ತಕರಾರು ಅರ್ಜಿ ಹಾಕಲು ಇರುವ 45 ದಿನ. ಅದಕ್ಕೂ ಮುಂಚೆ ಕೋರ್ಟಿಗೆ ಹೋಗೋಣವೆಂದರೆ ಸಂವಿಧಾನದ 329ನೆಯ ವಿಧಿ ಅಡ್ಡ ನಿಂತಿದೆ. ಮದ್ರಾಸ್ ಪ್ರಾಂತದ ಪೊನ್ನುಸ್ವಾಮಿ ಎಂಬವರ ನಾಮಪತ್ರ ತಿರಸ್ಕಾರವಾದಾಗ, ಚುನಾವಣೆ ಶುರುವಾದ ಮೇಲೆ ನಡುವೆ ಕೋರ್ಟು ಕೈ ಹಾಕುವಂತಿಲ್ಲ, ಏನಿದ್ದರೂ ಫಲಿತಾಂಶದ ನಂತರ ತಕರಾರು ಅರ್ಜಿಯಲ್ಲೇ ನೋಡಿಕೊಳ್ಳಬೇಕು ಎಂದು ನಮ್ಮ ಸುಪ್ರೀಂ ಕೋರ್ಟು 1952ರ ಜನವರಿಯಲ್ಲಿ ಹೇಳಿತು. ಅದಕ್ಕೂ ಒಂದು ನ್ಯಾಯವಿದೆ: ಪ್ರತಿಯೊಬ್ಬ ಉಮೇದುವಾರನೂ ತಡೆಯಾಜ್ಞೆ ತಂದರೆ ಚುನಾವಣೆ ನಡೆಯುವುದೇ ಇಲ್ಲ. ಆದರೆ ದೂರದ ಮತದಾರನಿಗೆ ಇದರ ಫಲ ಏನು? ಲಡಾಖಿನಲ್ಲಿರುವ ನಮ್ಮೂರಿನ ಸಿಪಾಯಿಗೆ ಓಟಿನ ಚೀಟಿ ಬರಲಿಲ್ಲವೆನ್ನಿ. ಅವನು ಫಲಿತಾಂಶವಾಗುವವರೆಗೆ ಕಾಯಬೇಕು. ಆಮೇಲೆ 45 ದಿನದೊಳಗೆ ಹೈಕೋರ್ಟಿಗೆ ಬರಬೇಕು. ಬಂದು, ತನ್ನಂಥವರ ಓಟು ತಪ್ಪಿದ್ದರಿಂದ ಚುನಾವಣೆಯ ಫಲವೇ ಬದಲಾಯಿತು ಎಂದು ಸಾಬೀತುಮಾಡಬೇಕು. ಗೆದ್ದವನು ಐವತ್ತು ಸಾವಿರದಿಂದ ಗೆದ್ದಿದ್ದರೆ ಸಿಪಾಯಿಯ ಹಕ್ಕಿಗೆ ಕೋರ್ಟಿನಲ್ಲಿ ಕಿಲುಬು ಕಾಸಿನ ಬೆಲೆಯಿಲ್ಲ. ಅಲ್ಲಿನ 45 ಮತದಾರನನ್ನು ಕಾಯುತ್ತದೆ. ಇಲ್ಲಿನ 45 ಸೋತ ಉಮೇದುವಾರನನ್ನು ಕಾಯುತ್ತದೆ.

ನಮ್ಮಲ್ಲಿ ಏನೂ ಆಗಿಲ್ಲವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಸೈನಿಕನನ್ನು ಅವನ ಸ್ವಂತ ಊರಿನ ನಿವಾಸಿಯೆಂದೇ ಎಣಿಸಿ ‘ಸೇವಾ ಮತದಾರ’ ಎಂದು ಪಟ್ಟಿಗೆ ಸೇರಿಸುವ ಏರ್ಪಾಡು 1950ರ ಕಾಯಿದೆಯಲ್ಲೇ ಇದೆ. ನಾಮಪತ್ರ ವಾಪಸು ಪಡೆಯುವ ಕೊನೆಯ ದಿನದಿಂದ ಮತದಾನಕ್ಕೆ ಕಾನೂನಿನ ಪ್ರಕಾರ ಹದಿನಾಲ್ಕು ದಿನ ಬಿಟ್ಟರೆ ಸಾಕು. ಉಮೇದುವಾರರ ಪಟ್ಟಿ ಖಚಿತವಾಗುವ ತನಕ ಚೀಟಿ ಅಚ್ಚಾಗುವಂತಿಲ್ಲ. ಇಷ್ಟು ದಿನದಲ್ಲಿ ಕಾಗದ ಹಿಮಾಲಯಕ್ಕೆ ಹೋಗಿ ಬರಬೇಕು. ಅದಕ್ಕಾಗಿ 2016ರಲ್ಲಿ ನಿಯಮ ತಿದ್ದಿ ಚೀಟಿಯನ್ನು ತಂತಿಯಿಲ್ಲದ ದಾರಿಯಲ್ಲಿ, ಎಂದರೆ ಕಂಪ್ಯೂಟರಿನ ಮೂಲಕ ಕಳಿಸುವ ವ್ಯವಸ್ಥೆ ಮಾಡಿದರು. ಸಿಪಾಯಿ ಅದನ್ನು ಅಚ್ಚು ತೆಗೆದು, ಗುರುತು ಹಾಕಿ, ಅಂಚೆಯಲ್ಲಿ ಹಿಂದಿರುಗಿಸಬೇಕು. ಎಣಿಕೆ ಶುರುವಾಗುವ ಗಳಿಗೆಯೊಳಗೆ ಮುಟ್ಟಬೇಕು. 2019ರ ಲೋಕಸಭಾ ಚುನಾವಣೆಯಲ್ಲಿ ಸುಮಾರು 18 ಲಕ್ಷ ಸೇವಾ ಮತದಾರರ ಪೈಕಿ ನೂರಕ್ಕೆ ಅರವತ್ತರಷ್ಟು ಓಟುಗಳು ಹೀಗೆ ಬಂದವು. ಇದು ಮೆಚ್ಚತಕ್ಕ ಕೆಲಸ. ಇನ್ನೊಂದು ಸಣ್ಣ ಅನ್ಯಾಯವೂ ಹೋಯಿತು: ಸೈನಿಕನ ಜೊತೆಗಿರುವ ಹೆಂಡತಿ ಸೇವಾ ಮತದಾರಳಾಗಬಹುದಿತ್ತು, ಸೈನ್ಯದಲ್ಲಿರುವ ಹೆಣ್ಣುಮಗಳ ಗಂಡ ಆಗುವಂತಿರಲಿಲ್ಲ. 2021ರ ತಿದ್ದುಪಡಿ ಇಬ್ಬರನ್ನೂ ಒಂದೇ ಸಾಲಿಗೆ ತಂದಿತು.

ಟೆಕ್ಸಾಸಿನ ಸಾರ್ಜೆಂಟ್ ಎತ್ತಿದ ಪ್ರಶ್ನೆಯೂ ನಮ್ಮಲ್ಲಿ ಬಂತು. ಶಾಂತಿ ಪ್ರದೇಶದ ಠಾಣ್ಯಗಳಲ್ಲಿರುವ ಸೈನಿಕರು ಅರ್ಜಿ ಕೊಟ್ಟರೆ ಅವರನ್ನು ಅಲ್ಲಿನ ಸಾಮಾನ್ಯ ಮತದಾರರಾಗಿಯೇ ಸೇರಿಸಬೇಕೆಂದು ನಮ್ಮ ಸುಪ್ರೀಂ ಕೋರ್ಟು 2014ರ ಮಾರ್ಚ್ 24ರಂದು ಆಜ್ಞೆ ಮಾಡಿತು. ಒಳ್ಳೆಯ ಆಜ್ಞೆ. ಆದರೆ ಅಷ್ಟು ಹೊತ್ತಿಗೆ ಆ ಲೋಕಸಭಾ ಚುನಾವಣೆ ಘೋಷಣೆಯಾಗಿ ಹತ್ತೊಂಬತ್ತು ದಿನ ಕಳೆದಿತ್ತು. ಮೊದಲ ಹಂತದ ಮತದಾನಕ್ಕೆ ಉಳಿದದ್ದು ಎರಡೇ ವಾರ. ಒಂದು ವರ್ಷ ಮುಂಚೆ ಈ ಆಜ್ಞೆ ಬಂದಿದ್ದರೆ ಎಷ್ಟು ಠಾಣ್ಯಗಳಲ್ಲಿ ಪಟ್ಟಿ ತುಂಬುತ್ತಿತ್ತು!

ಹೊರದೇಶದಲ್ಲಿ ದುಡಿಯುವವರ ಪಾಡು ಇದಕ್ಕಿಂತ ಹೀನ. 2010ರ ತಿದ್ದುಪಡಿ ಅವರ ಹೆಸರನ್ನು ಪಟ್ಟಿಗೆ ಸೇರಿಸಿತು. ಓಟು ಹಾಕಬೇಕಾದರೆ ಮಾತ್ರ ಪಾಸ್‌ಪೋರ್ಟ್ ಹಿಡಿದು ಊರಿನ ಮತಗಟ್ಟೆಗೇ ಬರಬೇಕು. 2024ರ ಲೋಕಸಭಾ ಚುನಾವಣೆಯಲ್ಲಿ ಹೀಗೆ ಹೆಸರು ಬರೆಸಿದವರು ಇಡೀ ದೇಶಕ್ಕೆ ಸುಮಾರು 1 ಲಕ್ಷ 19 ಸಾವಿರ. ಬಂದು ಓಟು ಹಾಕಿದವರು 2,958. ಅವರಲ್ಲಿ 2,670 ಮಂದಿ ಕೇರಳದವರು. ಅಂಚೆಯಲ್ಲೋ ಬೇರೆ ಬಗೆಯಲ್ಲೋ ಓಟಿಗೆ ಅವಕಾಶ ಕೊಡಿ ಎಂದು ಸುಪ್ರೀಂ ಕೋರ್ಟಿಗೆ ಅರ್ಜಿಗಳು ಹೋದವು. ಚುನಾವಣಾ ಆಯೋಗದ ಸಮಿತಿಯೇ 2014ರಲ್ಲಿ ಅನುಕೂಲವಾದ ವರದಿ ಕೊಟ್ಟಿತು. ಬದಲಿ ವ್ಯಕ್ತಿಯ ಮೂಲಕ ಓಟು ಹಾಕಿಸುವ ಮಸೂದೆ 2018ರ ಆಗಸ್ಟಿನಲ್ಲಿ ಲೋಕಸಭೆಯಲ್ಲಿ ಅಂಗೀಕಾರವಾಗಿ, ರಾಜ್ಯಸಭೆಯಲ್ಲಿ ಅಂಗೀಕಾರವಾಗದೆ, 2019ರಲ್ಲಿ ಲೋಕಸಭೆಯ ಅವಧಿಯೊಡನೆ ಸತ್ತಿತು. ಸರ್ಕಾರ ಆಲೋಚಿಸುತ್ತಿದೆ ಎಂಬ ಅಟಾರ್ನಿ ಜನರಲ್ ಅವರ ಮಾತನ್ನು ಬರೆದುಕೊಂಡು ಕೋರ್ಟು 2022ರ ನವೆಂಬರಿನಲ್ಲಿ ಅರ್ಜಿಗಳನ್ನು ಮುಗಿಸಿತು. ಕೋರ್ಟನ್ನು ಬಯ್ದು ಪ್ರಯೋಜನವಿಲ್ಲ. ಹಿಡಿದು ಅಳೆಯಲು ಕಾನೂನಿನಲ್ಲಿ ಒಂದು ಮೊಳವೂ ಇಲ್ಲದಿದ್ದರೆ ನ್ಯಾಯಾಧೀಶರಾದರೂ ಏನು ಅಳೆದಾರು?

ಹೊರದೇಶದವರ ಓಟು ಹಣವಂತರ ಓಟು, ಅದನ್ನು ಸಮಾಜವಾದಿಗಳು ಏಕೆ ಕೇಳಬೇಕು ಎಂದು ನಮ್ಮ ಸಂಗಾತಿಗಳಲ್ಲೇ ಕೆಲವರು ಹೇಳುವುದುಂಟು. ಅವರು ಮೇಲಿನ ಅಂಕಿಗಳನ್ನು ಇನ್ನೊಮ್ಮೆ ನೋಡಬೇಕು. ವಿಮಾನದ ಟಿಕೆಟ್ಟು ಕೊಳ್ಳಬಲ್ಲವನಿಗೆ ಇವತ್ತೂ ಓಟಿದೆ. ಓಟಿಲ್ಲದಿರುವುದು ರಜೆ ಕೊಡದ ಮಾಲೀಕನ ಕೈಕೆಳಗೆ ಮಸ್ಕತಿನಲ್ಲೋ ಕುವೈತಿನಲ್ಲೋ ಕಬ್ಬಿಣ ಹೊರುವವನಿಗೆ. ಈಗಿರುವ ಏರ್ಪಾಡೇ ಹಣವಂತರ ಏರ್ಪಾಡು. ಅಷ್ಟು ದೂರ ಏಕೆ, ಗೋವೆಗೂ ಮುಂಬಯಿಗೂ ಕೂಲಿಗೆ ಹೋದ ನಮ್ಮ ಉತ್ತರದ ಜಿಲ್ಲೆಗಳವರಿಗೆ ಬಸ್ಸಿನ ಚಾರ್ಜೇ ತಡೆಗೋಡೆಯಾಗಿದೆ. ಅವರಿಗಾಗಿ ದೂರದ ಊರಿನಿಂದಲೇ ಓಟು ಹಾಕುವ ಯಂತ್ರವೊಂದನ್ನು 2023ರ ಜನವರಿಯಲ್ಲಿ ಆಯೋಗ ಪಕ್ಷಗಳ ಮುಂದಿಟ್ಟಿತು. ವಿರೋಧ ಪಕ್ಷಗಳು ಒಪ್ಪಲಿಲ್ಲ. ಅವರ ಅನುಮಾನಗಳಲ್ಲಿ ಹುರುಳಿತ್ತು. ಯಂತ್ರ ಎಂದೊಡನೆ ಕೈಮುಗಿಯುವವರು ನಾವೂ ಅಲ್ಲ. ಮಾಲೀಕನ ಕಣ್ಣ ಮುಂದೆ, ಅವನ ಛಾವಣಿಯ ಕೆಳಗೆ ಹಾಕುವ ಓಟು ಎಷ್ಟು ಗುಟ್ಟಾಗಿ ಉಳಿದೀತು ಎಂಬುದು ಗಲ್ಫಿನ ವಿಷಯದಲ್ಲೂ ಕೇಳಲೇಬೇಕಾದ ಪ್ರಶ್ನೆ. ರಾಯಭಾರಿ ಕಚೇರಿಯಲ್ಲಿ ಪೆಟ್ಟಿಗೆ ಇಡುವುದೋ, ಅಂಚೆಯೋ, ಬೇರೆಯೋ ಎಂಬುದನ್ನು ಚರ್ಚಿಸಿ ತೀರ್ಮಾನಿಸಲಿ. ಅನುಮಾನವನ್ನೇ ನೆಪಮಾಡಿ ಹನ್ನೆರಡು ಹದಿಮೂರು ವರ್ಷ ಆಲೋಚಿಸುತ್ತಲೇ ಇರುವುದು ಮಾತ್ರ ತೀರ್ಮಾನವಲ್ಲ.

ಪಾರ್ಲಿಮೆಂಟಿನಿಂದ ನಾವು ಕೇಳುವುದು ಹೆಚ್ಚಿನದಲ್ಲ. ದೂರದ ಮತದಾರನ ಚೀಟಿ ಮತದಾನಕ್ಕೆ ಇಷ್ಟು ದಿನ ಮುಂಚೆ ಹೊರಡಬೇಕೆಂದು ಕಾಯಿದೆಯಲ್ಲಿ ಅಂಕಿ ಬರೆಯಲಿ. ಅಮೆರಿಕದಂತೆ 45 ಆಗದಿದ್ದರೆ ನಮ್ಮ ಕ್ಯಾಲೆಂಡರಿಗೆ ಒಗ್ಗುವ ಬೇರೆ ಅಂಕಿಯಾಗಲಿ. ಹೊರಡದಿದ್ದರೆ ಮತದಾರನ ಪರವಾಗಿ ಹೈಕೋರ್ಟಿನ ಮುಂದೆ ಹೋಗಬೇಕಾದ ಅಧಿಕಾರಿ ಯಾರೆಂದು ಹೆಸರಿಸಲಿ. ಚುನಾವಣೆಯನ್ನು ತಡೆಯುವುದಕ್ಕಲ್ಲ, ಚೀಟಿ ಮುಟ್ಟಿಸುವುದಕ್ಕೆ ಮತ್ತು ಅದು ವಾಪಸು ಬರುವ ವಾಯಿದೆಯನ್ನು ಕೆಲವು ದಿನ ಚಾಚುವುದಕ್ಕೆ ಮಾತ್ರ ಆ ಕೋರ್ಟಿಗೆ ನಡುವೆ ಕೈಹಾಕುವ ಅಧಿಕಾರ ಕೊಡಲಿ.

ಅಷ್ಟರೊಳಗೆ ನಮ್ಮ ಕೈಯಲ್ಲಿರುವ ಕೆಲಸ ಬಿಡಬಾರದು. ಮತದಾರರ ಪಟ್ಟಿಯ ಕಟ್ಟಕಡೆಯ ಭಾಗದಲ್ಲಿ ಸೇವಾ ಮತದಾರರ ಹೆಸರುಗಳಿರುತ್ತವೆ. ಯಾರೂ ಅಲ್ಲಿಯವರೆಗೆ ಹಾಳೆ ಮಗುಚುವುದಿಲ್ಲ. ಸೈನ್ಯದಲ್ಲಿ ಮಕ್ಕಳಿರುವ ಮನೆಯವರು ಅದನ್ನು ನೋಡಬೇಕು, ಹೆಸರಿಲ್ಲದಿದ್ದರೆ ಅವರ ಪಡೆಯ ದಾಖಲೆ ಕಚೇರಿಯ ಮೂಲಕ ನಮೂನೆ 2 ತುಂಬಿಸುವಂತೆ ಕಾಗದ ಬರೆಯಬೇಕು. ಹೊರದೇಶದಲ್ಲಿ ಇರುವವರಿಗೆ ನಮೂನೆ 6ಎ. ಈ ಎರಡನ್ನೂ ತುಂಬಲು ತೊಡಕಾದವರು ಸಂಜೆ ಪಾಳಿ ಬಿಟ್ಟ ಮೇಲೆ ನಮ್ಮ ಕಚೇರಿಗೆ ಬರಲಿ. ಬರುವಾಗ ಮಗನ ಸೇನಾ ನಂಬರು, ಊರಿನ ಪೂರ್ತಿ ವಿಳಾಸ ಬರೆದುಕೊಂಡು ಬರಲಿ.